ಹೊರಗೆ ಬಿಟ್ಟದ್ದೂ ನಮ್ಮದೇ

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಡವಳಿಕೆಗಳಲ್ಲಿ, ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರ ವಿಸರ್ಜಿಸುವಾಗಲೂ ಜೀವಿಗಳಿಲ್ಲದ ಜಾಗ ನೋಡಿಕೊಳ್ಳಬೇಕು ಎನ್ನುವ ನಿಯಮ. ನಾವು ಹೊರಗೆ ಬಿಟ್ಟದ್ದಕ್ಕೂ ನಾವೇ ಹೊಣೆ ಎಂಬ ಈ ಮಾತು ಗೃಹಸ್ಥನಾದ ನನಗೆ ಮನದಟ್ಟಾದದ್ದು ಕಾರಿನ ಬಾನೆಟ್ಟಿನ ಕೆಳಗೆ.

ಪೆಟ್ರೋಲ್ ಉರಿದಾಗ ಒಂದಿಷ್ಟು ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎಷ್ಟೇ ಒಳ್ಳೆಯ ಎಂಜಿನ್ನಾದರೂ ಇದು ತಪ್ಪದು. ಅದರಲ್ಲಿ ಉರಿಯದ ಪೆಟ್ರೋಲು, ನೀರಾವಿ ಎಲ್ಲ ಇರುತ್ತದೆ. ಕಟ್ಟಿಹಾಕಿದರೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಸೋರುತ್ತದೆ. ಹಿಂದಿನ ಕಾರುಗಳಲ್ಲಿ ಒಂದು ಕೊಳವೆ ಇಟ್ಟು ಅದನ್ನು ನೇರ ರಸ್ತೆಗೆ ಬಿಡುತ್ತಿದ್ದರು. ಲಾಸ್ ಏಂಜಲೀಸಿನಲ್ಲಿ ಕಣ್ಣುರಿಸುತ್ತಿದ್ದ ಹೊಗೆಮಂಜಿಗೆ ವಾಹನಗಳ ಹೈಡ್ರೋಕಾರ್ಬನ್ನೂ ಕಾರಣವೆಂದು 1950ರ ದಶಕದಲ್ಲಿ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಪಿಸಿವಿ ವಾಲ್ವ್ ಬಂತು. ಆ ಅನಿಲವನ್ನು ಎಂಜಿನ್ನೇ ಒಳಗೆಳೆದುಕೊಂಡು ಮತ್ತೆ ಉರಿಸುವ ಏರ್ಪಾಡು ಅದು.

ನನ್ನ ಹಳೆಯ ಕಾರಿನ ಸರ್ವೀಸು ನಾನೇ ಮಾಡುತ್ತೇನೆ. ಈ ವಾಲ್ವನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಕಟಕ ಎನ್ನಬೇಕು. ಸದ್ದಿಲ್ಲದಿದ್ದರೆ ಜಿಡ್ಡು ಕಟ್ಟಿ ಹಿಡಿದುಕೊಂಡಿದೆ ಎಂದರ್ಥ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಅದರ ಬಾಯಿಗೆ ಬೆರಳಿಟ್ಟರೆ ಹೀರಿ ಹಿಡಿಯಬೇಕು. ಒಮ್ಮೆ ಮೆಕ್ಯಾನಿಕ್ ಒಬ್ಬರು, "ಈ ಪೈಪ್ ಬಿಚ್ಚಿ ಕೆಳಗೆ ಬಿಟ್ಟುಬಿಡಿ ಸರ್, ಥ್ರಾಟಲ್ ಬಾಡಿ ಕ್ಲೀನಾಗಿರ್ತದೆ" ಎಂದರು. ಅದು ಸುಳ್ಳಲ್ಲ, ಆಯಿಲಿನ ಆವಿ ಅಲ್ಲಿ ಮೆತ್ತಿಕೊಳ್ಳುವುದುಂಟು. ಹೊಗೆ ತಪಾಸಣೆಯಲ್ಲೂ ಇದು ಸಿಕ್ಕಿಬೀಳುವುದಿಲ್ಲ, ಅವರು ಪ್ರೋಬ್ ಇಡುವುದು ಸೈಲೆನ್ಸರಿನ ಬಾಯಿಗೆ. ನನ್ನ ಎಂಜಿನ್ ಚೊಕ್ಕಟ, ಅದರ ಕೊಳೆ ಹಿಂದೆ ಸ್ಕೂಟರಿನಲ್ಲಿ ಬರುವವರ ಎದೆಗೆ. ನಾನು ಒಪ್ಪಲಿಲ್ಲ.

"ಕಾರು ಓಡಿಸುವುದೇ ಹಿಂಸೆ, ಅದರಲ್ಲಿ ಒಂದು ವಾಲ್ವಿನ ಲೆಕ್ಕ ಯಾಕಪ್ಪ?" ಎಂದು ಮಗಳು ಕೇಳುತ್ತಾಳೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಮಳೆಗಾಲದ ರಾತ್ರಿ ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗಿಬಂದರೆ ಗಾಜಿನ ತುಂಬ ಹುಳಗಳು ಸತ್ತು ಅಂಟಿರುತ್ತವೆ. ಆದರೆ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮೊದಲಿಗೆ ಇಡುತ್ತದೆ. ಸಂಸಾರಿಗೆ ಒಂದಿಷ್ಟು ಹಿಂಸೆ ತಪ್ಪದೆಂದು ಒಪ್ಪಿಯೇ ಶ್ರಾವಕನಿಗೆ, ಎಂದರೆ ಜೈನ ಗೃಹಸ್ಥನಿಗೆ, ಅಣುವ್ರತವೆಂಬ ಕಿರುವ್ರತ ವಿಧಿಸಿದ್ದಾರೆ. ತಪ್ಪಿಸಬಹುದಾದ ಹಿಂಸೆಗೆ ಆ ರಿಯಾಯಿತಿ ಸಲ್ಲದು. ರಿಂಗುಗಳ ಸಂದಿಯಿಂದ ಅನಿಲ ಇಳಿಯುವುದು ನನ್ನ ಕೈಮೀರಿದ್ದು. ಪೈಪನ್ನು ಬಿಚ್ಚಿ ಬಿಡುವುದು ಪ್ರಮಾದ.

ನಮ್ಮ ವಾಹನದ ರಿಪೇರಿ ನಮಗೂ ಅಷ್ಟಿಷ್ಟು ಗೊತ್ತಿರಬೇಕು ಎನ್ನುವುದು ಇದಕ್ಕೇ. ಏನನ್ನು ಹೊರಗೆ ಬಿಡುತ್ತಿದ್ದೇವೆ ಎಂಬುದೇ ತಿಳಿಯದಿದ್ದರೆ ಎಚ್ಚರ ಹುಟ್ಟುವುದಾದರೂ ಎಲ್ಲಿಂದ? ಎಲ್ಲರೂ ಸ್ಪ್ಯಾನರ್ ಹಿಡಿಯಬೇಕಿಲ್ಲ. ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳುವಾಗ ಆ ಪೈಪು ಅದರ ಜಾಗದಲ್ಲಿದೆಯೇ ಎಂದು ಬಗ್ಗಿ ನೋಡಿದರೂ ಅಹಿಂಸೆಯ ಒಂದು ಪಾಲು ನಡೆಸಿದಂತೆ ಎಂದು ನಾನು ನಂಬಿದ್ದೇನೆ.