ನೋವಿನ ಕಾರಣ ಬೇರೆ, ನೋವಿನ ಕೆಲಸ ಬೇರೆ

ಮುಂಡಗೋಡ ಸೀಮೆಯ ಪಾಳಾದಂಥ ಊರಿನಲ್ಲಿ ಒಂದು ಮನೆಗೆ ಕಷ್ಟ ಬಂತೆಂದರೆ ಸಂಜೆಯೊಳಗೆ ಅಂಗಳ ತುಂಬುತ್ತದೆ. ಬಂದವರಲ್ಲಿ ಎರಡು ಬಗೆ. ಕೆಲವರು ಕಾರಣ ಹೇಳುವವರು: ಹಣೆಬರಹ, ಹಿಂದಿನ ಜನ್ಮದ್ದು, ದೇವರ ಪರೀಕ್ಷೆ. ಇನ್ನು ಕೆಲವರು ಆ ಹಾದಿಯನ್ನು ಒಮ್ಮೆ ತುಳಿದು ಬಂದವರು. ಅವರು ಕಾರಣದ ಗೊಡವೆಗೇ ಹೋಗುವುದಿಲ್ಲ. ರೋಗಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟ ಹೆಣ್ಣುಮಗಳಿಗೆ, ‘ರೇಷನ್ ಕಾರ್ಡಿಂದು ನಾಕು ಝೆರಾಕ್ಸ್ ಇಟ್ಕೋ ತಂಗಿ, ಆಧಾರ್ ಮರೀಬ್ಯಾಡ. ರಾತ್ರಿ ವರಾಂಡದಾಗ ಥಂಡಿ ಭಾಳ, ಕೌದಿ ಒಂದು ಜಾಸ್ತಿ ತಗೋ’ ಎನ್ನುತ್ತಾರೆ.

ಕ್ರೈಸ್ತ ಚಿಂತನೆ ‘ಗಾಯಗೊಂಡ ಶುಶ್ರೂಷಕ’ ಎಂದು ಕರೆಯುವುದು ಈ ಎರಡನೆಯ ಬಗೆಯವರನ್ನು. ಡಚ್ ಪಾದ್ರಿ ಹೆನ್ರಿ ನೌವೆನ್ 1972ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ವಿಚಾರ ಮಾತ್ರ ಬಹಳ ಹಳೆಯದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಪೌಲನು, ಸಂಕಟದಲ್ಲಿ ನಮಗೆ ಸಿಕ್ಕ ಸಾಂತ್ವನ ಸಂಕಟದಲ್ಲಿರುವ ಇತರರಿಗೆ ಮುಟ್ಟಿಸಲಿಕ್ಕಾಗಿ ಎಂಬ ಅರ್ಥದ ಮಾತಾಡುತ್ತಾನೆ. ನೌವೆನ್ ಅದಕ್ಕೊಂದು ಎಚ್ಚರಿಕೆ ಸೇರಿಸಿದ: ಗಾಯವನ್ನು ಪ್ರದರ್ಶನಕ್ಕಿಡಬೇಡಿ. ಅಳುತ್ತಿರುವವರ ಮುಂದೆ ಕೂತು ‘ನನ್ನ ಕಥೆ ಕೇಳು’ ಎಂದು ಶುರುಮಾಡುವವರನ್ನು ಕಂಡ ಯಾರಿಗಾದರೂ ಈ ಎಚ್ಚರಿಕೆಯ ಬೆಲೆ ತಿಳಿದೀತು.

ನೋವು ಮನುಷ್ಯನನ್ನು ದೊಡ್ಡವನಾಗಿಸುತ್ತದೆ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಜನರನ್ನು ಅದು ಕಹಿಯಾಗಿಸಿದೆ, ಸಣ್ಣವರನ್ನಾಗಿಸಿದೆ. ನೋವಿನಿಂದ ಸಿಗುವುದು ಹೆಚ್ಚೆಂದರೆ ಒಂದು ಜಾಗದ ಪರಿಚಯ. ಎಲ್ಲಿ ಕಾಲು ಜಾರುತ್ತದೆ, ಯಾವ ಹೊತ್ತಿನಲ್ಲಿ ಧೈರ್ಯ ಕುಸಿಯುತ್ತದೆ, ಆಗ ಯಾವ ಮಾತು ಚುಚ್ಚುತ್ತದೆ ಎಂಬ ತಿಳಿವಳಿಕೆ. ಅದನ್ನು ಇನ್ನೊಬ್ಬರಿಗಾಗಿ ಬಳಸುವುದೋ ಬಿಡುವುದೋ, ಅದು ನೋವು ತೀರ್ಮಾನಿಸುವ ಸಂಗತಿಯಲ್ಲ.

ನೋವಿನ ಕಾರಣಕ್ಕೂ ಕೆಲಸಕ್ಕೂ ಇರುವ ಈ ವ್ಯತ್ಯಾಸ ಏಕೆ ಮುಖ್ಯವೆಂದು ತಿಳಿಯಲು ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಸಾಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಗಳಲ್ಲಿ ಅನೇಕರ ಹಿರಿಯರು ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು. ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು. ಹಳಿಯಾಳದ ಕಡೆಯ ಸಿದ್ದಿಗಳಲ್ಲಿ ಕ್ರೈಸ್ತರು ಬಹಳ. ಸರಪಳಿ ತೊಡಿಸಿದವರ ಧರ್ಮವೇ ಅವರ ಪ್ರಾರ್ಥನೆಯೂ ಆಯಿತು. ಇವರ ಮುಂದೆ ನಿಂತು ‘ನಿಮ್ಮ ಹಿರಿಯರು ಗುಲಾಮರಾದದ್ದು ನೀವು ಕರುಣೆ ಕಲಿಯಲೆಂದು’ ಎನ್ನುವ ಎದೆ ಯಾರಿಗಿದೆ? ಅದು ತತ್ತ್ವವಲ್ಲ, ಅವಮಾನ. ಈ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ತಮ್ಮವರಿಗಾಗಿ ಕಚೇರಿ ಅಲೆದ ಸಿದ್ದಿ ಗಂಡಸರು, ಹೆಂಗಸರು ಹಿರಿಯರ ಸಂಕಟಕ್ಕೆ ಕಾರಣ ಹುಡುಕುತ್ತಾ ಕೂರಲಿಲ್ಲ. ಹಾಗೆ ಅಲೆದದ್ದರಿಂದ ಗುಲಾಮಗಿರಿ ಒಂದಿಷ್ಟೂ ನ್ಯಾಯವಾಗುವುದಿಲ್ಲ.

ನೋವಿನ ಪರಿಚಯ ಇತರರಿಗೆ ಒದಗುವುದು ಒಬ್ಬರ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ ನೆನಪಾಗುತ್ತಾರೆ. ಕೊಚ್ಚಿಯ ಕಡೆಯ ಕ್ರೈಸ್ತ ಮನೆತನ. ಸ್ತ್ರೀರೋಗ ತಜ್ಞೆಯಾಗುವ ಹಾದಿಯಲ್ಲಿದ್ದಾಗ, 1954ರಲ್ಲಿ, ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ನಿಂತು ಮಾಡುವ ಶಸ್ತ್ರಚಿಕಿತ್ಸೆ ಕೈತಪ್ಪಿತು. ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು. ಕುಷ್ಠರೋಗದಿಂದ ಬೆರಳು ಮಡಚಿಹೋದವರಿಗೆ ಆರೋಗ್ಯವಾಗಿರುವ ಸ್ನಾಯುವಿನ ಸ್ನಾಯುರಜ್ಜುವನ್ನು ಬೆರಳಿಗೆ ತಂದು ಜೋಡಿಸುವ ವಿಧಾನವನ್ನು ಡಾ. ಪಾಲ್ ಬ್ರ್ಯಾಂಡ್ ಅಲ್ಲಿ ಬೆಳೆಸಿದ್ದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಅದನ್ನೇ ಕೈಗೆತ್ತಿಕೊಂಡರು. ಆಮೇಲೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು ವೆಲ್ಲೂರಿನಲ್ಲಿ ಪುನಶ್ಚೇತನ ಚಿಕಿತ್ಸೆಯ ವಿಭಾಗವನ್ನೇ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ಬೆನ್ನುಮೂಳೆ ಮುರಿದು ಮಲಗಿದ ರೋಗಿಗೆ, ‘ಬದುಕಬಹುದು’ ಎನ್ನುವ ವೈದ್ಯೆ ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದರೆ ಆ ಮಾತಿನ ತೂಕವೇ ಬೇರೆ. ಕಾಲು ಮಾತ್ರ ಕೊನೆಗೂ ಮರಳಲಿಲ್ಲ ಎಂಬುದನ್ನು ಮರೆತು ಈ ಕಥೆ ಹೇಳುವವರಿದ್ದಾರೆ, ಅದು ಸರಿಯಲ್ಲ.

ಬೈಬಲಿನ ಯೋಬನ ಗ್ರಂಥದಲ್ಲಿ ಪಾಳಾದ ಆ ಅಂಗಳದ ಎರಡೂ ಬಗೆಯವರಿದ್ದಾರೆ, ಅದೂ ಒಂದೇ ಜನರೊಳಗೆ. ಮಕ್ಕಳು, ದನಕರು ಎಲ್ಲ ಕಳೆದುಕೊಂಡು ಮೈತುಂಬ ಹುಣ್ಣೆದ್ದು ಬೂದಿಯಲ್ಲಿ ಕೂತ ಯೋಬನ ಪಕ್ಕ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ಕಾರಣ ಹುಡುಕತೊಡಗುತ್ತಾರೆ: ನೀನೇನೋ ಪಾಪ ಮಾಡಿರಬೇಕು! ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ಈ ವ್ಯಾಖ್ಯಾನಕಾರರ ಮೇಲೆ. ಯೋಬನ ಸ್ಥಿತಿ ತಿರುಗುವುದು ಅವನು ತನ್ನನ್ನು ಹಂಗಿಸಿದ ಅದೇ ಗೆಳೆಯರಿಗಾಗಿ ಪ್ರಾರ್ಥಿಸಿದಾಗ. ತನಗೇಕೆ ಹೀಗಾಯಿತು ಎಂಬ ಅವನ ಪ್ರಶ್ನೆಗೆ ಮಾತ್ರ ಗ್ರಂಥ ಮುಗಿದರೂ ಯಾರೂ ಅವನಿಗೆ ಉತ್ತರ ಹೇಳುವುದಿಲ್ಲ.