ಹಿಡಿ ಹಿಟ್ಟಿನಲ್ಲೂ ಒಂದು ಪಾಲು

ಸಾಧಾರಣ ಕಾಲದ 32ನೇ ಭಾನುವಾರ
1 ಅರಸುಗಳು 17:10-16, ಮಾರ್ಕ 12:38-44



ಇಂದಿನ ಮೊದಲ ವಾಚನದ ವಿಧವೆ ಸಿದೋನ್ ನಾಡಿನ ಸರೆಪ್ತದವಳು. ಅವಳ ಮಡಕೆಯಲ್ಲಿ ಉಳಿದಿದ್ದುದು ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ. ಅರಸನ ಕಣ್ಣು ತಪ್ಪಿಸಿ ನಾಡು ಬಿಟ್ಟು ಬಂದ ಎಲೀಯ ಪ್ರವಾದಿ ಅವಳನ್ನು ರೊಟ್ಟಿ ಕೇಳುತ್ತಾರೆ. ಅದೂ ಮೊದಲು ತಮಗೆ, ಆಮೇಲೆ ಅವಳಿಗೂ ಮಗನಿಗೂ! ಆ ತಾಯಿಯ ಜಾಗದಲ್ಲಿ ನಾವಿದ್ದಿದ್ದರೆ, "ನಮ್ಮ ಮಕ್ಕಳಿಗೇ ಇಲ್ಲ, ಮುಂದಿನ ಮನೆಗೆ ಹೋಗಪ್ಪ" ಎನ್ನುತ್ತಿದ್ದೆವೇನೋ.

ವಿದ್ಯೆಯ ವಿಷಯದಲ್ಲೂ ನಮ್ಮ ಮಾತು ಇದೇ. ನಮ್ಮ ಮಕ್ಕಳ ಫೀಸಿಗೇ ಪರದಾಡುವಾಗ ನಿರಾಶ್ರಿತರ ಮಕ್ಕಳನ್ನು ಓದಿಸುವುದು ಶ್ರೀಮಂತ ದೇಶಗಳ ಕೆಲಸ ಎನ್ನುತ್ತೇವೆ. ಆದರೆ ಬಡ ದೇಶಗಳೂ ಇದನ್ನು ಮಾಡಿ ತೋರಿಸಿವೆ.

1975ರಲ್ಲಿ ಸ್ಪೇನ್ ಪಶ್ಚಿಮ ಸಹಾರಾವನ್ನು ಬಿಟ್ಟು ಹೊರಟಾಗ ಅಲ್ಲಿ ಯುದ್ಧ ಹೊತ್ತಿಕೊಂಡಿತು. ಸಹ್ರಾವಿ ಜನ ಓಡಿಬಂದು ಅಲ್ಜೀರಿಯದ ತಿಂದೂಫ್ ಬಳಿ ಮರುಭೂಮಿಯಲ್ಲಿ ಡೇರೆ ಹಾಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ. ಆಶ್ರಯ ಕೊಟ್ಟ ಅಲ್ಜೀರಿಯ ತನ್ನ ಶಾಲೆಗಳ ಬಾಗಿಲನ್ನೂ ತೆರೆಯಿತು. ಸಾಗರದಾಚೆಯ ಪುಟ್ಟ ಕ್ಯೂಬಾ ದೇಶ ಸಹ್ರಾವಿ ಮಕ್ಕಳನ್ನು ಕರೆಸಿಕೊಂಡು ಊಟ, ವಸತಿ ಕೊಟ್ಟು ಓದಿಸಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಕ್ಯೂಬಾದವರ ತಟ್ಟೆಯ ಊಟವೇ ಕಡಿಮೆಯಾಯಿತು. ಆಗಲೂ ಆ ವಿದ್ಯಾರ್ಥಿವೇತನ ನಿಲ್ಲಲಿಲ್ಲ.

ಇದಕ್ಕೆ ಮಕ್ಕಳು ತೆತ್ತ ಬೆಲೆಯೂ ದೊಡ್ಡದು. ಹತ್ತು ವರ್ಷ ತಾಯಿಯ ಮುಖ ಕಾಣದೆ ಬೆಳೆದವರುಂಟು. ಸ್ಪ್ಯಾನಿಷ್ ಕಲಿತು ಮರಳಿದ ಕೆಲವರಿಗೆ ಮನೆಯ ಅರಬ್ಬಿ ಮಾತೇ ತಡವರಿಸುತ್ತಿತ್ತು. ಜನ ಅವರನ್ನು 'ಕ್ಯೂಬರಾವಿ' ಎಂದು ಕರೆದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬಾಳುವ ನಮಗೆ ಈ ಸಂಕಟ ಸ್ವಲ್ಪವಾದರೂ ಅರ್ಥವಾದೀತು. ಹೀಗೆ ಓದಿ ಬಂದವರೇ ಇಂದು ಆ ಶಿಬಿರಗಳಲ್ಲಿ ವೈದ್ಯರು, ದಾದಿಯರು, ಶಿಕ್ಷಕರು.

ಕ್ಯೂಬಾ ಸರಕಾರದ ಎಲ್ಲ ನಡೆಗೂ ನಾವು ತಲೆದೂಗಬೇಕಿಲ್ಲ. ಬಹುಕಾಲ ದೇವರನ್ನು ದೂರವಿಟ್ಟ ಸರಕಾರ ಅದು. ಆ ಮಕ್ಕಳೋ ಮುಸ್ಲಿಮರು. ಸರೆಪ್ತದ ವಿಧವೆಯೂ ಇಸ್ರಯೇಲರಿಗೆ ಹೊರಗಿನವಳೇ. ಆದರೂ ಯೇಸುಸ್ವಾಮಿ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಅವಳ ಮಾತೆತ್ತಿದರು. ಕೇಳಿದವರಿಗೆ ಸಿಟ್ಟು ಬಂತು.

ಇಂದಿನ ಶುಭಸಂದೇಶದ ಬಡ ವಿಧವೆ ಹಾಕಿದ್ದು ಎರಡೇ ಕಾಸು. ಅವಳು ತನಗೆಂದು ಏನನ್ನೂ ಉಳಿಸಿಕೊಳ್ಳಲಿಲ್ಲ ಎಂಬುದನ್ನು ಸ್ವಾಮಿ ಕಂಡರು. ಆದರೆ ಅದಕ್ಕೆ ಮುಂಚೆ, ವಿಧವೆಯರ ಮನೆಗಳನ್ನು ನುಂಗುವವರನ್ನು ಖಂಡಿಸಿದರು. ಬಡವರು ಕೊಟ್ಟರೆಂದು ಉಳ್ಳವರ ಋಣ ತೀರುವುದಿಲ್ಲ.

ನಮ್ಮ ತಮಿಳುನಾಡಿನಲ್ಲೇ 1983ರ ಗಲಭೆಯ ನಂತರ ಶ್ರೀಲಂಕಾದಿಂದ ಬಂದ ಕುಟುಂಬಗಳು ಇಂದಿಗೂ ಶಿಬಿರಗಳಲ್ಲಿವೆ. ಅಂಥ ಮನೆಯ ಮಗು ನಮ್ಮ ಮಗುವಿನ ಬೆಂಚಿನಲ್ಲೇ ಕುಳಿತಿರಬಹುದು. ನಮ್ಮ ಮಕ್ಕಳು ಓದಿ ಮುಗಿಸಿದ ಪುಸ್ತಕ, ಕಾಲೇಜಿಗೆ ಹೋಗಿಬರುವ ಬಸ್ಸಿನ ದುಡ್ಡು, ಸಂಜೆ ಒಂದು ತಾಸು ಲೆಕ್ಕ ಹೇಳಿಕೊಡುವುದು: ಇದೇ ನಮ್ಮ ಹಿಡಿ ಹಿಟ್ಟು. ಮೊದಲು ಆ ಮಗುವಿನ ಹೆಸರು ಕೇಳೋಣ.

ಸರೆಪ್ತದ ಆ ಮಡಕೆ ತುಂಬಿ ಹರಿಯಿತೆಂದು ವಾಚನ ಹೇಳುವುದಿಲ್ಲ. ಬರಿದಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಅಂದಂದಿಗೆ ಸಾಕಾಯಿತು. ಬಂದವನೂ ಉಂಡ, ಮನೆಯ ಮಗನೂ ಉಂಡ. ಆ ನಂಬಿಕೆಯನ್ನು ಪ್ರಭು ನಮಗೂ ಕೊಡಲಿ. ಆಮೆನ್.