ಎಲ್ಲವನ್ನೂ ಹೇಳಬೇಕೇ?

ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಹುಡುಗಿಯನ್ನು 'ಏನು ಓದ್ತಾ ಇದ್ದೀಯಮ್ಮಾ?' ಎಂದು ಕೇಳಿದೆವು. 'ಶಾಲೆಗಳಲ್ಲಿ ಕಿವುಡ ಮಕ್ಕಳಿಗೆ ದುಭಾಷಿಯಾಗೋ ತರಬೇತಿ, ಅಂಕಲ್' ಎಂದಳು. ಎದುರು ಸಾಲಿನಲ್ಲಿದ್ದ ಅವಳ ತಾಯಿ ಒಬ್ಬಟ್ಟಿನ ಕಡೆ ನೋಡತೊಡಗಿದರು. ಡಾಕ್ಟರು, ಇಂಜಿನಿಯರು ಬಿಟ್ಟರೆ ನಮ್ಮವರಿಗೆ ಬೇರೆ ಓದು ಓದೇ ಅಲ್ಲವಲ್ಲ!

ಕೈಸನ್ನೆ ಕಲಿಯುವುದೇನು ಮಹಾ ಎಂದುಕೊಂಡಿದ್ದ ನಮಗೆ ಅವಳೇ ಪಾಠ ಹೇಳಿದಳು. ಅಮೆರಿಕನ್ ಸನ್ನೆ ಭಾಷೆ ಇಂಗ್ಲಿಷಿನ ಕೈಬರಹವಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ ಎಂದು ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿಕೊಟ್ಟರು. 'ಹೌದೇ, ಅಲ್ಲವೇ' ಎಂದು ಕೇಳುವಾಗ ಹುಬ್ಬು ಮೇಲೇರಬೇಕು, 'ಏಕೆ, ಎಲ್ಲಿ' ಎನ್ನುವಾಗ ಇಳಿಯಬೇಕು. ಮಗು ಸನ್ನೆಯಲ್ಲಿ ಹೇಳಿದ್ದನ್ನು ಇವಳು 'ನಾನು' ಎಂದೇ ಬಾಯಲ್ಲಿ ನುಡಿಯಬೇಕು. ಶಾಲಾ ದುಭಾಷಿಗಳಿಗೆಂದೇ ಇರುವ ಪರೀಕ್ಷೆಯಲ್ಲಿ ಐದಕ್ಕೆ 3.5 ಅಥವಾ 4 ಬರಬೇಕೆಂದು ಅನೇಕ ರಾಜ್ಯಗಳ ನಿಯಮ.

ಆದರೆ ಅವಳ ನಿದ್ದೆ ಕೆಡಿಸಿದ್ದು ಬೇರೆ. ಹಿಂದಿನ ಬೆಂಚಿನ ಹುಡುಗ ಕಿವುಡ ಹುಡುಗನನ್ನು ಮೆಲ್ಲಗೆ ಹಂಗಿಸುತ್ತಾನೆ, ಟೀಚರಿಗೆ ಕೇಳಿಸಿಲ್ಲ. ಅದನ್ನೂ ಸನ್ನೆ ಮಾಡಬೇಕೇ? ಮಾಡಬೇಕು, ಉಳಿದ ಮಕ್ಕಳಿಗೆಲ್ಲ ಕೇಳಿಸಿತಲ್ಲ ಎಂದರಂತೆ ಅವಳ ಗುರುಗಳು.

'ಬಿಟ್ಟುಬಿಡಮ್ಮಾ, ಮಗುವಿನ ಮನಸ್ಸು ಯಾಕೆ ನೋಯಿಸಬೇಕು?' ಎಂದೆವು, ಡಾಕ್ಟರ ಧಾಟಿಯಲ್ಲಿ.

'ಆಮೇಲೂ ಅವನು ಆ ಹುಡುಗನ್ನ ಸ್ನೇಹಿತ ಅಂತಾನೇ ನಂಬಿಕೊಂಡಿರ್ತಾನಲ್ಲ, ಅಂಕಲ್?'

ಒಬ್ಬಟ್ಟು ಗಂಟಲಲ್ಲೇ ನಿಂತಿತು. ಕೆಲವು ವರ್ಷಗಳ ಹಿಂದೆ, ಮಗನ ಮನೆಗೆ ಹಾಸನದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ಆಸ್ಪತ್ರೆಯಲ್ಲಿ ನಾವೇ ದುಭಾಷಿಯಾಗಿದ್ದೆವು. ತಜ್ಞರು ಹತ್ತು ನಿಮಿಷ ವಿವರಿಸಿದರು. 'ಅಪ್ಪನಿಗೆ ಹೇಳಬೇಡಿ' ಎಂದು ಮಗ ಮೊದಲೇ ಕೈ ಹಿಡಿದಿದ್ದ. ನಾವು ಕನ್ನಡದಲ್ಲಿ 'ಸಣ್ಣ ಗಂಟು ಯಜಮಾನರೇ, ಔಷಧಿ ಕೊಡ್ತಾರೆ' ಎಂದು ಮುಗಿಸಿದೆವು. ಅವರು ನಂಬಿ, ಊರಿಗೆ ಹೋಗುವ ಟಿಕೆಟ್ಟನ್ನು ಮುಂದೂಡಿದರು. ನಾಲ್ಕು ತಿಂಗಳಿಗೆ ಇಲ್ಲೇ ತೀರಿಕೊಂಡರು. ನಮ್ಮನ್ನು ಯಾರೂ ದೂರಲಿಲ್ಲ, ಬದಲಿಗೆ ಉಪಕಾರವಾಯಿತೆಂದರು.

ಆ ಮಾತಿನ ನಂತರ ನಮಗೆ ನೆನಪಾಗುತ್ತಿರುವುದು 1982ರ ಒಂದು ತೀರ್ಪು. ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಎಂಬ ಕಿವುಡ ಬಾಲಕಿಗೆ ಒಂದನೇ ತರಗತಿಯಲ್ಲಿ ದುಭಾಷಿ ಬೇಕೆಂದು ತಂದೆತಾಯಿ (ಅವರೂ ಕಿವುಡರೇ) ಕೇಳಿದ್ದರು. ಚೆನ್ನಾಗಿ ಪಾಸಾಗುತ್ತಿದ್ದಾಳೆ, ಕಾನೂನಿನ ಪ್ರಕಾರ ದುಭಾಷಿ ಕೊಡಲೇಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟು. ತರಗತಿಯ ಮಾತಿನಲ್ಲಿ ಅರ್ಧಕ್ಕಿಂತ ಕಡಿಮೆ ಅವಳಿಗೆ ತಿಳಿಯುತ್ತಿದೆ ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ವೈಟ್. ಓದಿದಾಗ ನಮಗೆ ಸಿಟ್ಟು ಬಂದಿತ್ತು. ಆದರೆ ಆ ಹಿರಿಯರಿಗೆ ಎಷ್ಟು ತಿಳಿದರೆ ಸಾಕೆಂದು ನಿರ್ಧರಿಸಿದ ನಾವು ಮಾಡಿದ್ದೇನು?

ದುಭಾಷಿಯೇನು ಬರೀ ಕೊಳವೆಯಲ್ಲ. ಅಂಗವಿಕಲ ಮಕ್ಕಳ ಶಿಕ್ಷಣದ 2004ರ ಕಾನೂನು ದುಭಾಷಿ ಸೇವೆಯನ್ನು ಹೆಸರಿಟ್ಟೇ ಸೇರಿಸಿದೆ. ತರಗತಿ ಮುಗಿದ ಮೇಲೆ ಟೀಚರಿಗೆ ಅವಳು ವಿಷಯ ತಿಳಿಸಬಹುದು, ತಿಳಿಸಬೇಕು ಕೂಡ. ಅದು ಹುಡುಗನಿಗೆ ಹೇಳಿದ ಮೇಲಿನ ಕೆಲಸ, ಹೇಳದಿರುವುದಕ್ಕೆ ನೆಪವಲ್ಲ. ಹದಿನಾರರ ಹುಡುಗನಾದರೆ ನಮಗೀಗ ಅನುಮಾನವಿಲ್ಲ. ಆರು ವರ್ಷದ ಮಗುವಾದರೆ? ನಮಗೆ ಇನ್ನೂ ಅಳುಕಿದೆ, ಅವಳಿಗೂ ಇದೆಯಂತೆ. ಮುಂದಿನ ತಿಂಗಳು ಅವಳ ಅಭ್ಯಾಸ ಶುರುವಾಗುವುದು ಒಂದನೇ ತರಗತಿಯಲ್ಲೇ.